ತೂಕಡಿಸುವ ಪ್ರಾರ್ಥನೆ

ಅಜ್ಜಿ ಹಾಸಿಗೆ ಹಿಡಿದಿದ್ದ ಎರಡು ವರ್ಷದಲ್ಲಿ ಅಮ್ಮ ಒಂದು ರಾತ್ರಿಯೂ ಜಪಸರ ಪೂರ್ತಿ ಮಾಡಿದ್ದನ್ನು ನಾನು ಕಾಣೆ. ಅಜ್ಜಿಯ ಬಟ್ಟೆ ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ, ಗಂಜಿ ಕುಡಿಸಿ, ನಮ್ಮೆಲ್ಲರ ಊಟವಾದ ಮೇಲೆ ಪಾತ್ರೆ ತೊಳೆದು, ಮಂಚದ ಕಾಲಿಗೆ ಒರಗಿ ಮಣಿ ಎಣಿಸಲು ಕೂರುತ್ತಿದ್ದಳು. ಜಪಸರದ ಎರಡನೆಯ ರಹಸ್ಯದ ಮಣಿಗಳು ಮುಗಿಯುವಷ್ಟರಲ್ಲಿ ತುಟಿ ನಿಂತು, ತಲೆ ವಾಲಿ, ಜಪಸರ ಮಡಿಲಿಗೆ ಜಾರುತ್ತಿತ್ತು. "ದೇವರಿಗೆ ಕೊಡೋಕೆ ಇಪ್ಪತ್ತು ನಿಮಿಷಾನೂ ನನ್ನ ಹತ್ರ ಇಲ್ವಲ್ಲ" ಎಂದು ಬೆಳಿಗ್ಗೆ ಕೊರಗುವಳು. ಪಾಪನಿವೇದನೆಯಲ್ಲೂ ಅದನ್ನೇ ಹೇಳಿಕೊಳ್ಳುತ್ತಿದ್ದಳಂತೆ.

ದಣಿದವರ ಭಕ್ತಿ, ಯಾರ ಕಣ್ಣಿಗೂ ಬೀಳದ ಭಕ್ತಿ ದೇವರ ಮುಂದೆ ಅರೆಬೆಂದ ಅಡುಗೆಯೇ? ಅಲ್ಲವೆಂದೇ ನಾನು ನಂಬಿದ್ದೇನೆ. ಬೈಬಲ್ ಓದಿದಷ್ಟೂ ಆ ನಂಬಿಕೆ ಗಟ್ಟಿಯಾಗಿದೆ.

ಪ್ರವಾದಿ ಎಲೀಯನ ಕಥೆಯನ್ನೇ ನೋಡಿ. ಈಜೆಬೆಲ್ ರಾಣಿಗೆ ಹೆದರಿ ಓಡಿದವನು ಮರುಭೂಮಿಯ ಗಿಡವೊಂದರ ಕೆಳಗೆ ಕೂತು, ಸಾಕಪ್ಪಾ ಈ ಜೀವ ಎಂದು ಸಾವನ್ನೇ ಬೇಡಿ ಮಲಗಿಬಿಡುತ್ತಾನೆ. ನಂಬಿಕೆ ಎಲ್ಲಿ ಹೋಯಿತು ಎಂದು ದೇವರು ಅವನನ್ನು ಗದರಿಸುವುದಿಲ್ಲ. ದೂತನೊಬ್ಬ ಬಂದು ತಟ್ಟಿ ಎಬ್ಬಿಸುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಬಂದಾಗಲೂ ಊಟವನ್ನೇ ತೋರಿಸುತ್ತಾನೆ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎನ್ನುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರೊಡನೆ ನಡೆದ ಮಾತುಕತೆಯೆಲ್ಲ ಆಮೇಲಿನದು. ದಣಿವನ್ನು ಪಾಪದ ಲೆಕ್ಕಕ್ಕೆ ಸೇರಿಸದ ದೇವರು ಇವನು.

ಇದನ್ನು ಚೆನ್ನಾಗಿ ಅರಿತವಳು ಫ್ರಾನ್ಸಿನ ಲಿಸ್ಯೂ ಪಟ್ಟಣದ ಸಂತ ತೆರೇಸ. 15ನೆಯ ವಯಸ್ಸಿಗೆ ಕಾರ್ಮೆಲ್ ಮಠ ಸೇರಿ, 1897ರಲ್ಲಿ 24ಕ್ಕೇ ಕ್ಷಯದಿಂದ ತೀರಿಕೊಂಡವಳು. ಧ್ಯಾನದ ಹೊತ್ತಿನಲ್ಲಿ ತನಗೆ ನಿದ್ದೆ ಬರುತ್ತದೆಂದು ಮುಚ್ಚುಮರೆಯಿಲ್ಲದೆ ಬರೆದಳು. ಮಲಗಿದ ಮಗುವೂ ಎಚ್ಚರವಿರುವ ಮಗುವಿನಷ್ಟೇ ಹೆತ್ತವರಿಗೆ ಮುದ್ದಲ್ಲವೇ ಎಂದು ಸಮಾಧಾನ ತಂದುಕೊಂಡಳು. ಅವಳ ಹೆಸರನ್ನೇ ಇಟ್ಟುಕೊಂಡವರು ಕೋಲ್ಕತ್ತಾದ ಮದರ್ ತೆರೇಸಾ. 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ ಲೋಕ ಬೆಚ್ಚಿತು: ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ಕತ್ತಲೆಯ ಹೊರತು ಬೇರೇನೂ ಸಿಕ್ಕಿರಲಿಲ್ಲ. ಹಾಗಾದರೆ ಅವರ ನಂಬಿಕೆ ಟೊಳ್ಳೆಂದು ಕೆಲವರು ಆಡಿದರು. ನನಗೆ ಕಾಣುವುದು ಬೇರೆ. ಒಳಗೆ ಏನೂ ಸಿಗದಿದ್ದರೂ ಬೆಳಗಾದರೆ ಎದ್ದು ರೋಗಿಯ ಹುಣ್ಣು ತೊಳೆದವರ ಭಕ್ತಿಯನ್ನು ಟೊಳ್ಳು ಎನ್ನುವುದಾದರೆ, ಗಟ್ಟಿ ಎನ್ನಲು ಇನ್ನೇನು ಉಳಿದೀತು?

ಆದರೂ ಒಂದು ಆಕ್ಷೇಪವನ್ನು ದಾಟಿಕೊಂಡು ಹೋಗಲಾರೆ. "ದೇವರು ನೋಡ್ತಾನೆ ಬಿಡಮ್ಮ" ಎಂಬ ಮಾತಿನಿಂದಲೇ ಎಷ್ಟು ಹೆಂಗಸರ ಬಾಯಿ ಮುಚ್ಚಿಸಿಲ್ಲ! ದುಡಿಮೆ ಅವಳದು, ನೆಮ್ಮದಿ ಮನೆಯವರದು, ಋಣ ತೀರಿಸುವ ಹೊರೆ ಮಾತ್ರ ದೇವರದು. ಇದಕ್ಕೆ ಉತ್ತರ ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿದೆ. ಬಡ ವಿಧವೆ ಹಾಕಿದ ಎರಡು ಕಾಸನ್ನು ಯೇಸು ಗುರುತಿಸಿದ್ದು ನಮಗೆಲ್ಲ ಬಾಯಿಪಾಠ. ಅದಕ್ಕೆ ತುಸು ಮೊದಲು ಆತ ಆಡಿದ ಮಾತನ್ನು ನಾವು ಮರೆಯುತ್ತೇವೆ: ವಿಧವೆಯರ ಮನೆ ನುಂಗಿ, ತೋರಿಕೆಗೆ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳಿಗೆ ಕಠಿಣ ತೀರ್ಪು ಕಾದಿದೆ. ಅಂದರೆ ವಿಧವೆಯ ಕಾಸನ್ನು ಕಂಡ ಕಣ್ಣು, ಅವಳನ್ನು ಬರಿಗೈ ಮಾಡಿದವರನ್ನೂ ಕಂಡಿತ್ತು. ದೇವರ ನೋಟವನ್ನು ಒಂದು ಕಡೆಗೆ ಮಾತ್ರ ತಿರುಗಿಸಿಟ್ಟುಕೊಳ್ಳಲು ನಮಗೆ ಹಕ್ಕಿಲ್ಲ.

ಅಜ್ಜಿ ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ನಾನು ಕಾಲೇಜಿನಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ಓದುತ್ತ ಕೂತಿದ್ದರೆ ಅಮ್ಮನ ಪಿಸುದನಿ ನಿಂತದ್ದು ನನಗೆ ತಿಳಿಯುತ್ತಿತ್ತು. ಒಂದು ರಾತ್ರಿ ಎದ್ದುಹೋಗಿ ಅವಳ ತಲೆಗೆ ದಿಂಬು ಕೊಟ್ಟು, ಜಪಸರವನ್ನು ಮೊಳೆಗೆ ನೇತುಹಾಕಿದೆ. ಪಾತ್ರೆ ನಾನು ತೊಳೆಯುತ್ತೇನೆಂದು ಹೇಳಲು ಮತ್ತೂ ಕೆಲವು ತಿಂಗಳು ಹಿಡಿಯಿತು.