ಹೊರೆ ಹೊತ್ತ ವಿಮಾನಗಳ ನೆನಪು ಯಾರಿಗೆ ಬೇಕು?

ವಿಮಾನದ ಚಿತ್ರ ಬರೆಯಿರಿ ಎಂದು ಮಕ್ಕಳಿಗೆ ಹೇಳಿದರೆ ಹೆಚ್ಚಿನವರು ಚೂಪು ಮೂತಿಯ ಯುದ್ಧವಿಮಾನವನ್ನೇ ಬರೆಯುತ್ತಾರೆ. ರೆಕ್ಕೆಯ ಕೆಳಗೆ ಕ್ಷಿಪಣಿ, ಹಿಂದೆ ಬೆಂಕಿಯ ಬಾಲ. ದಪ್ಪ ಹೊಟ್ಟೆಯ, ನಿಧಾನವಾಗಿ ಹಾರುವ, ಅಕ್ಕಿಮೂಟೆ, ಔಷಧದ ಪೆಟ್ಟಿಗೆ ಮತ್ತು ಸೈನಿಕರನ್ನು ಹೊತ್ತೊಯ್ಯುವ ಸಾರಿಗೆ ವಿಮಾನವನ್ನು ಯಾರೂ ಬರೆಯುವುದಿಲ್ಲ. ಸಿನಿಮಾದಲ್ಲೂ ಅದಕ್ಕೆ ನಾಯಕನ ಪಾತ್ರ ಸಿಗುವುದಿಲ್ಲ. ಆದರೆ ವಾಯುಪಡೆಯಿಂದ ನಿವೃತ್ತರಾದ ಹಿರಿಯರ ಮಾತಿಗೆ ಕಿವಿಗೊಟ್ಟು ನೋಡಿ. ಸಾರಿಗೆ ವಿಮಾನದ ಜೊತೆ ಕೆಲಸ ಮಾಡಿದವರು ಅದನ್ನು ಮನೆಯ ಹಳೆಯ ಎತ್ತಿನಂತೆ, ಹೆಸರಿಟ್ಟು ಸಾಕಿದ ಜೀವದಂತೆ ನೆನೆಯುತ್ತಾರೆ. ಆ ನೆನಪುಗಳಿಗೆ ನಮ್ಮ ಕನ್ನಡ ತರಗತಿಯಲ್ಲಿ ಒಂದು ಜಾಗ ಬೇಕು ಎಂಬುದು ನಮ್ಮ ಅಭಿಪ್ರಾಯ. ಏಕೆ ಬೇಕು ಎಂಬುದನ್ನು ಇಲ್ಲಿ ಹೇಳುತ್ತೇವೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಲ್ಲಿದೆ. ಆಸ್ಟ್ರೇಲಿಯಾದ ವಾಯುಪಡೆಯ ಕಾರಿಬೂ ವಿಮಾನಕ್ಕೆ ಈ ಗಾದೆ ಸರಿಯಾಗಿ ಹೊಂದುತ್ತದೆ. ಕೆನಡಾದಲ್ಲಿ ತಯಾರಾದ ಈ ವಿಮಾನ 1964ರಲ್ಲಿ ಸಿಡ್ನಿಯ ಪಶ್ಚಿಮಕ್ಕಿರುವ ರಿಚ್ಮಂಡ್ ವಾಯುನೆಲೆಗೆ ಬಂತು. ಒಟ್ಟು 29 ವಿಮಾನಗಳು ಈ ದೇಶದ ಸೇವೆಯಲ್ಲಿದ್ದವು. ಎರಡು ಪಿಸ್ಟನ್ ಎಂಜಿನ್, ಮೇಲಕ್ಕೆ ಎತ್ತಿ ಜೋಡಿಸಿದ ಬಾಲ, ಹಿಂದೆ ತೆರೆದುಕೊಳ್ಳುವ ದೊಡ್ಡ ಬಾಗಿಲು. ನೋಡಲು ಅಂದವಿಲ್ಲ, ವೇಗವೂ ಇಲ್ಲ. ಹಿಂದಿನಿಂದ ಬಂದ ಹಕ್ಕಿ ಡಿಕ್ಕಿ ಹೊಡೆಯಬಹುದಾದ ವಿಮಾನ ಇದೊಂದೇ ಎಂದು ಅದರಲ್ಲಿ ಹಾರಿದವರೇ ತಮಾಷೆ ಮಾಡುತ್ತಿದ್ದರು. ಆದರೆ ಬೇರೆ ವಿಮಾನ ಇಳಿಯಲಾಗದ ಗಿಡ್ಡ ಮಣ್ಣಿನ ಪಟ್ಟಿಯಲ್ಲಿ ಅದು ಇಳಿಯುತ್ತಿತ್ತು, ಅಲ್ಲಿಂದಲೇ ಏರುತ್ತಿತ್ತು. 1964ರಿಂದ 1972ರವರೆಗೆ ವಿಯೆಟ್ನಾಂನಲ್ಲಿ ದುಡಿದ ಕಾರಿಬೂ ಪಡೆಗೆ ಸೈನಿಕರು ಪ್ರೀತಿಯಿಂದ ಇಟ್ಟ ಹೆಸರು ‘ವಾಲಬಿ ಏರ್‌ಲೈನ್ಸ್’. ಪಪುವಾ ನ್ಯೂಗಿನಿಯ ಬೆಟ್ಟದ ಹಳ್ಳಿಗಳಿಗೆ 1997-98ರ ಬರಗಾಲದಲ್ಲಿ ಆಹಾರ ಒಯ್ದದ್ದೂ ಇವೇ. 45 ವರ್ಷ ದುಡಿದು 2009ರ ನವೆಂಬರ್‌ನಲ್ಲಿ ಕಾರಿಬೂ ನಿವೃತ್ತವಾಯಿತು.

ಇಂಥ ವಿಮಾನದ ಮೇಲೆ ಇಷ್ಟು ಪ್ರೀತಿ ಯಾಕೆ? ನಮಗೆ ತೋರುವ ಕಾರಣ ಸರಳವಾದದ್ದು. ಸಣ್ಣ ಯುದ್ಧವಿಮಾನದಲ್ಲಿ ಹಾರುವವರು ಒಬ್ಬರೋ ಇಬ್ಬರೋ. ಸಾರಿಗೆ ವಿಮಾನ ಒಂದು ಕೂಡು ಕುಟುಂಬ. ಪೈಲಟ್ ಇದ್ದಾರೆ, ದಾರಿ ತೋರುವ ನ್ಯಾವಿಗೇಟರ್ ಇದ್ದಾರೆ, ಎಂಜಿನ್ ನೋಡಿಕೊಳ್ಳುವವರು, ಸಾಮಾನು ಸರಿದೂಗಿಸಿ ಕಟ್ಟುವ ಲೋಡ್‌ಮಾಸ್ಟರ್ ಇದ್ದಾರೆ. ನೆಲದ ಮೇಲೆ ರಾತ್ರಿಯೆಲ್ಲ ಕೈಗೆ ಗ್ರೀಸ್ ಮೆತ್ತಿಕೊಂಡು ದುರಸ್ತಿ ಮಾಡುವವರಿದ್ದಾರೆ. ಒಬ್ಬರ ಕೆಲಸ ಕೆಟ್ಟರೆ ಎಲ್ಲರ ಪ್ರಾಣಕ್ಕೂ ಅಪಾಯ. ಜೊತೆಗೆ, ಈ ವಿಮಾನಕ್ಕಾಗಿ ಯಾರೋ ಕಾದಿರುತ್ತಾರೆ. ಹಿಮದ ನಡುವಿನ ಠಾಣೆಯಲ್ಲೋ, ನೆರೆ ಬಂದ ಊರಿನಲ್ಲೋ ಅದರ ಸದ್ದು ಕೇಳಿದರೆ ಜನರ ಮುಖ ಅರಳುತ್ತದೆ. ತನ್ನ ಕೆಲಸಕ್ಕಾಗಿ ಯಾರೋ ಕಾಯುತ್ತಿದ್ದಾರೆ ಎಂಬ ತೃಪ್ತಿ ಸಿಕ್ಕ ಕೆಲಸಗಾರ ಆ ಕೆಲಸವನ್ನು ಸಾಯುವವರೆಗೂ ಮರೆಯುವುದಿಲ್ಲ.

ಇದು ಆಸ್ಟ್ರೇಲಿಯಾದವರ ಕಥೆ ಮಾತ್ರವಲ್ಲ, ನಮ್ಮದೂ ಹೌದು. 1947ರ ಅಕ್ಟೋಬರ್ 27ರಂದು ದೆಹಲಿಯಿಂದ ಶ್ರೀನಗರಕ್ಕೆ ಭಾರತದ ಸೈನಿಕರನ್ನು ಹೊತ್ತು ಇಳಿದದ್ದು ಡಕೋಟಾ ವಿಮಾನಗಳು. ಮರುವರ್ಷ ಲಡಾಖಿನ ಲೇಹ್ ಪಟ್ಟಣ ಅಪಾಯದಲ್ಲಿದ್ದಾಗ ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಸ್ಥಳೀಯ ಜನರನ್ನು ಸೇರಿಸಿಕೊಂಡು ಅಲ್ಲೊಂದು ಮಣ್ಣಿನ ಓಡುಪಟ್ಟಿ ಮಾಡಿದರು. 1948ರ ಮೇ 24ರಂದು ‘ಬಾಬಾ’ ಎಂದೇ ಹೆಸರಾದ ಏರ್ ಕಮೊಡೋರ್ ಮೆಹರ್ ಸಿಂಗ್ ಅವರು ಡಕೋಟಾವನ್ನು ಹಿಮಾಲಯ ದಾಟಿಸಿ ಅಲ್ಲಿ ಇಳಿಸಿದರು. ಆ ವಿಮಾನದಲ್ಲಿ ಅವರ ಜೊತೆ ಇದ್ದವರು ಯಾರು ಗೊತ್ತೇ? ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು, ಆಗ ಮೇಜರ್ ಜನರಲ್, ಮುಂದೆ ಭೂಸೇನೆಯ ಮುಖ್ಯಸ್ಥರು. ಅಷ್ಟು ಎತ್ತರದಲ್ಲಿ ಹಾರಲು ಬೇಕಾದ ಒತ್ತಡದ ಕ್ಯಾಬಿನ್ ಆ ವಿಮಾನದಲ್ಲಿ ಇರಲಿಲ್ಲ.

ಡಕೋಟಾಗೂ ಬೆಂಗಳೂರಿಗೂ ಹಳೆಯ ನಂಟು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ ಬಿಟ್ಟುಹೋದ ಡಕೋಟಾಗಳನ್ನೂ ಅದು ಸರಿಮಾಡಿ ಕೊಟ್ಟಿತು. ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಶಿಕ್ಷಣ, ಯಲಹಂಕದಲ್ಲಿ ಸಾರಿಗೆ ವಿಮಾನದ ಪೈಲಟ್‌ಗಳಿಗೆ ತರಬೇತಿ. ಹೀಗೆ ದೇಶದ ಯಾವ ಮೂಲೆಯಿಂದ ಬಂದ ವಾಯುಯೋಧನಿಗೂ ಬೆಂಗಳೂರಿನ ಒಂದಲ್ಲ ಒಂದು ನೆನಪು ಇದ್ದೇ ಇರುತ್ತದೆ.

ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ಅಚ್ಚರಿ ತರಬಹುದು. ಆಸ್ಟ್ರೇಲಿಯಾ ಬಳಸಿದ ಅದೇ ಕಾರಿಬೂ ವಿಮಾನವನ್ನು 1960ರ ದಶಕದಿಂದ ಭಾರತದ ವಾಯುಪಡೆಯೂ ಬಳಸಿತು. ಈಶಾನ್ಯದ ಬೆಟ್ಟಗಾಡಿನ ಠಾಣೆಗಳಿಗೆ ಸಾಮಾನು ಹೊತ್ತ ವಿಮಾನಗಳಲ್ಲಿ ಅದೂ ಒಂದು. ಇಂದು ಎರಡೂ ದೇಶಗಳು ಹರ್ಕ್ಯುಲಿಸ್ ವಿಮಾನವನ್ನು ಹಾರಿಸುತ್ತಿವೆ. ಅಂದರೆ ಅಸ್ಸಾಮಿನಲ್ಲಿ ಕಾರಿಬೂ ಎಂಜಿನ್ ಬಿಚ್ಚಿ ಜೋಡಿಸಿದ ಒಬ್ಬ ತಾತ ಮತ್ತು ರಿಚ್ಮಂಡ್‌ನಲ್ಲಿ ಅದೇ ಎಂಜಿನ್ ಬಿಚ್ಚಿ ಜೋಡಿಸಿದ ಪಕ್ಕದ ಬೀದಿಯ ಹಿರಿಯರು, ಇಬ್ಬರೂ ಒಂದೇ ಕಸುಬಿನವರು. ಪರಸ್ಪರ ಭಾಷೆ ಅರ್ಧ ಗೊತ್ತಿದ್ದರೂ ಎಂಜಿನ್ನಿನ ಭಾಷೆ ಪೂರ್ತಿ ಗೊತ್ತು.

ಈ ನಂಟು ವಿಮಾನಕ್ಕಿಂತಲೂ ಹಳೆಯದು. ಪ್ರತಿ ಏಪ್ರಿಲ್ 25ರಂದು ನಮ್ಮ ಮಕ್ಕಳು ಶಾಲೆಯಲ್ಲಿ ಆನ್ಜಾಕ್ ದಿನ ಆಚರಿಸುತ್ತಾರೆ, ಗಲಿಪೊಲಿಯ ಕಥೆ ಕೇಳುತ್ತಾರೆ. 1915ರಲ್ಲಿ ಆ ಕಡಿದಾದ ದಡದಲ್ಲಿ ಆನ್ಜಾಕ್ ಸೈನಿಕರಿಗೆ ನೀರು, ಆಹಾರ, ಮದ್ದುಗುಂಡು ತಲುಪಿಸಿದ್ದು ಭಾರತೀಯರು ನಡೆಸುತ್ತಿದ್ದ ಹೇಸರಗತ್ತೆಯ ಗಾಡಿಗಳು. ಹೊರೆ ಹೊರುವವರ ಕಥೆಯಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನೂರು ವರ್ಷಕ್ಕೂ ಹಿಂದೆಯೇ ಕೂಡಿವೆ. ಇದನ್ನು ತಿಳಿದ ಮಗು ಆನ್ಜಾಕ್ ದಿನದಂದು ಸಾಲಿನ ಕೊನೆಯಲ್ಲಿ ಪರಕೀಯನಂತೆ ನಿಲ್ಲಬೇಕಾಗಿಲ್ಲ.

ಈಗ ನಮ್ಮ ಚಿಂತೆಗೆ ಬರೋಣ. ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಮನೆಗಳಿಗೆ ಪ್ರತಿ ವರ್ಷ ಅಜ್ಜ ಅಜ್ಜಿಯರು ಕೆಲವು ತಿಂಗಳ ಮಟ್ಟಿಗೆ ಬರುತ್ತಾರೆ. ಅವರಲ್ಲಿ ಸೇನೆಯಲ್ಲೋ ವಾಯುಪಡೆಯಲ್ಲೋ ಎಚ್‌ಎಎಲ್‌ನಲ್ಲೋ ದುಡಿದವರೂ ಇರುತ್ತಾರೆ. ಬೆಳಿಗ್ಗೆ ಪಾರ್ಕಿನಲ್ಲಿ ಒಂದು ಸುತ್ತು, ಮಧ್ಯಾಹ್ನ ಟಿವಿ, ಸಂಜೆ ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುವುದು, ಇಷ್ಟರಲ್ಲಿ ವೀಸಾ ಮುಗಿಯುತ್ತದೆ. ಡಕೋಟಾದ ಕಾಲದವರು ಬಹುಮಟ್ಟಿಗೆ ನಮ್ಮನ್ನು ಅಗಲಿದ್ದಾರೆ. ಕಾರಿಬೂ, ಪ್ಯಾಕೆಟ್, ಎಎನ್-12 ವಿಮಾನಗಳ ಕಾಲದವರಿಗೆ ಈಗ ಇಳಿವಯಸ್ಸು. ಅವರ ಬಳಿ ಇರುವ ಕಥೆ ಯಾವ ಪುಸ್ತಕದಲ್ಲೂ ಇಲ್ಲ. ಅದು ಇರುವುದು ಅವರ ಕನ್ನಡದಲ್ಲಿ, ನಡುನಡುವೆ ಸೇನೆಯ ಹಿಂದಿ, ಇಂಗ್ಲಿಷ್ ಬೆರೆತ ಆ ಸೊಗಸಾದ ಕನ್ನಡದಲ್ಲಿ. ಮೊಮ್ಮಗನಿಗೆ ಕನ್ನಡ ಬಾರದಿದ್ದರೆ ಕಥೆ ಅಲ್ಲಿಗೇ ನಿಂತಿತು. ‘ಊಟ ಆಯ್ತಾ’, ‘ಹೋಂವರ್ಕ್ ಆಯ್ತಾ’ ಎಂಬಷ್ಟು ಕನ್ನಡ ಇದಕ್ಕೆ ಸಾಲದು. ಭಾಷೆ ಕಲಿಯುವುದು ಯಾಕೆ ಎಂದು ಮಕ್ಕಳು ಕೇಳಿದರೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಹೊಳೆಯುವುದಿಲ್ಲ.

ಕೆಲವು ಪೋಷಕರಿಗೆ ಒಂದು ಆಕ್ಷೇಪವಿರಬಹುದು. ಭಾಷೆ ಕಲಿಸುವ ಶಾಲೆಯಲ್ಲಿ ಸೇನೆಯ ಮಾತೇಕೆ, ಮಕ್ಕಳ ತಲೆಯಲ್ಲಿ ಯುದ್ಧದ ವೈಭವ ತುಂಬಬೇಕೇ ಎಂದು. ಈ ಪ್ರಶ್ನೆ ನ್ಯಾಯವಾದದ್ದೇ. ಯುದ್ಧ ಆಟವಲ್ಲ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಅದನ್ನು ಹೇಳಲು ಸಾರಿಗೆ ವಿಮಾನದವರಿಗಿಂತ ತಕ್ಕವರು ಯಾರು? ಸೈನಿಕರನ್ನು ರಣರಂಗಕ್ಕೆ ಒಯ್ದವರೂ ಅವರೇ, ಗಾಯಗೊಂಡವರನ್ನು ಹೊತ್ತು ತಂದವರೂ ಅವರೇ. 1974ರ ಕ್ರಿಸ್‌ಮಸ್ ದಿನ ಟ್ರೇಸಿ ಚಂಡಮಾರುತ ಡಾರ್ವಿನ್ ನಗರವನ್ನು ನೆಲಸಮ ಮಾಡಿದಾಗ ಕೆಲವೇ ದಿನಗಳಲ್ಲಿ 35 ಸಾವಿರಕ್ಕೂ ಹೆಚ್ಚು ಜನ ಊರು ಬಿಡಬೇಕಾಯಿತು. ಅವರಲ್ಲಿ ಸಾವಿರಾರು ಮಂದಿಯನ್ನು ಸುರಕ್ಷಿತವಾಗಿ ಸಾಗಿಸಿದ್ದು ಹರ್ಕ್ಯುಲಿಸ್ ವಿಮಾನಗಳು. 2004ರ ಸುನಾಮಿಯ ನಂತರ ಎರಡೂ ದೇಶಗಳ ಸಾರಿಗೆ ವಿಮಾನಗಳು ಹೊತ್ತದ್ದು ನೀರು, ಔಷಧ ಮತ್ತು ವೈದ್ಯರನ್ನು.

ಹಾಗೆಂದು ನೆನಪೆಲ್ಲ ಸಿಹಿಯೇ ಎಂದು ನಾವು ಹೇಳುವುದಿಲ್ಲ. 1968ರ ಫೆಬ್ರವರಿ 7ರಂದು ಚಂಡೀಗಡದಿಂದ ಲೇಹ್‌ಗೆ ಹೊರಟ ಎಎನ್-12 ವಿಮಾನ 102 ಮಂದಿಯೊಡನೆ ಹಿಮಾಲಯದಲ್ಲಿ ಕಣ್ಮರೆಯಾಯಿತು. 35 ವರ್ಷ ಕಳೆದು 2003ರಲ್ಲಿ ಪರ್ವತಾರೋಹಿಗಳಿಗೆ ಅದರ ಅವಶೇಷ ಸಿಕ್ಕಿತು. 2024ರಲ್ಲೂ, ಅಂದರೆ 56 ವರ್ಷಗಳ ನಂತರವೂ, ಹಿಮದಡಿಯಿಂದ ನಾಲ್ವರ ದೇಹಗಳನ್ನು ಹೊರತೆಗೆದು ಮನೆಯವರಿಗೆ ಒಪ್ಪಿಸಿದರು. ಅಷ್ಟು ವರ್ಷ ಆ ಮನೆಗಳಲ್ಲಿ ಬಾಗಿಲು ನೋಡುತ್ತ ಕುಳಿತವರನ್ನು ನೆನೆಸಿಕೊಳ್ಳಿ. ಹಿರಿಯರು ತಮ್ಮ ವಿಮಾನದ ಬಗ್ಗೆ ನಗುನಗುತ್ತ ಹೇಳುವಾಗ ನಡುವೆ ಒಮ್ಮೊಮ್ಮೆ ಸುಮ್ಮನಾಗುತ್ತಾರೆ. ಆ ಮೌನದಲ್ಲಿ ಇಂಥ ಯಾರದೋ ಹೆಸರು ಇರಬಹುದು. ಮಕ್ಕಳು ಅದನ್ನು ಗಮನಿಸುವುದನ್ನೂ ಕಲಿಯಲಿ. ಪ್ರೀತಿಯ ನೆನಪು ಮತ್ತು ನೋವಿನ ನೆನಪು ಎರಡನ್ನೂ ಒಟ್ಟಿಗೆ ಕೇಳಿದ ಮಗು ಯುದ್ಧವನ್ನು ವೈಭವವೆಂದು ತಿಳಿಯುವುದಿಲ್ಲ.

ಆದ್ದರಿಂದ ನಮ್ಮ ಸಲಹೆ ಇದು. ಮುಂದಿನ ವರ್ಷ ನಮ್ಮ ಶಾಲೆಯ ದೊಡ್ಡ ತರಗತಿಯ ಪ್ರತಿ ವಿದ್ಯಾರ್ಥಿಯೂ ಒಬ್ಬ ಹಿರಿಯರ ಕೆಲಸದ ನೆನಪನ್ನು ಕೇಳಿ ಕನ್ನಡದಲ್ಲಿ ಒಂದು ಪುಟ ಬರೆಯಲಿ. ಅಜ್ಜ ವಾಯುಪಡೆಯಲ್ಲಿ ಇರಲಿಲ್ಲವೇ? ಚಿಂತೆಯಿಲ್ಲ, ಕೆಎಸ್‌ಆರ್‌ಟಿಸಿ ಬಸ್ಸು, ರೈಲು, ಅಂಚೆ ಯಾವುದಾದರೂ ಆದೀತು. ಸೇನೆಯಲ್ಲಿದ್ದವರನ್ನು ಗುಟ್ಟಿನ ವಿಷಯ ಕೇಳುವುದು ಬೇಡ. ಮಕ್ಕಳೇ, ಹೀಗೆ ಕೇಳಿ ನೋಡಿ: ತಾತ, ಅಷ್ಟು ಚಳಿಯಲ್ಲಿ ಏನು ತಿನ್ನುತ್ತಿದ್ದಿರಿ? ವಿಮಾನದ ಒಳಗೆ ಸದ್ದು ಹೇಗಿತ್ತು? ನಿಮ್ಮ ಜೊತೆಯವರಲ್ಲಿ ಎಲ್ಲರನ್ನೂ ನಗಿಸುತ್ತಿದ್ದವರು ಯಾರು? ಮನೆಯಿಂದ ಕಾಗದ ಬರಲು ಎಷ್ಟು ದಿನ ಬೇಕಿತ್ತು? ಅಜ್ಜಿಯನ್ನೂ ಕೇಳಿ: ಅವರು ಹೊರಟ ದಿನ ನೀವು ಏನು ಮಾಡುತ್ತಿದ್ದಿರಿ? ಉತ್ತರ ಬರುವಾಗ ಮಧ್ಯೆ ಬಾಯಿ ಹಾಕಬೇಡಿ. ಗೊತ್ತಿಲ್ಲದ ಪದ ಬಂದರೆ ಬರೆದಿಟ್ಟುಕೊಂಡು ಆಮೇಲೆ ಕೇಳಿ.

ಪೋಷಕರಿಗೂ ಒಂದು ಮಾತು. ಮೆಲ್ಬರ್ನಿನ ಪಾಯಿಂಟ್ ಕುಕ್, ಟಾರ್ನೀಟ್, ವೆರಿಬಿ ಕಡೆ ನಮ್ಮವರು ಬಹಳ ಮಂದಿ ಮನೆ ಮಾಡಿದ್ದಾರೆ. ಆಸ್ಟ್ರೇಲಿಯಾದ ಸೇನಾ ವಿಮಾನಯಾನ 1914ರಲ್ಲಿ ಹುಟ್ಟಿದ್ದೇ ಆ ಪಾಯಿಂಟ್ ಕುಕ್‌ನಲ್ಲಿ. ಅಲ್ಲಿನ ವಾಯುಪಡೆಯ ಮ್ಯೂಸಿಯಂನ ಸಂಗ್ರಹದಲ್ಲಿ ಒಂದು ಕಾರಿಬೂ ಇದೆ. ಸಿಡ್ನಿಯವರು ದಕ್ಷಿಣಕ್ಕೆ ಸುಮಾರು ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಆಲ್ಬಿಯನ್ ಪಾರ್ಕ್‌ನಲ್ಲಿ ಹಳೆಯ ವಿಮಾನಗಳನ್ನು ಸ್ವಯಂಸೇವಕರು ಮಕ್ಕಳಂತೆ ನೋಡಿಕೊಳ್ಳುತ್ತಿದ್ದಾರೆ, ಅಲ್ಲಿ ಕಾರಿಬೂ, ಡಕೋಟಾ ಎರಡೂ ಇವೆ. ಊರಿಗೆ ಹೋದಾಗ ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಈಗ ಮ್ಯೂಸಿಯಂ ಆಗಿದೆ, ಬೆಂಗಳೂರಿನಲ್ಲಿ ಎಚ್‌ಎಎಲ್ ಮ್ಯೂಸಿಯಂ ಇದೆ. ಹೋಗುವಾಗ ಅಜ್ಜ ಅಜ್ಜಿಯರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ವಿಮಾನದ ಮುಂದೆ ನಿಂತಾಗ ಅವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

2018ರಲ್ಲಿ, ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಒಂದು ಹಳೆಯ ಡಕೋಟಾವನ್ನು ಬ್ರಿಟನ್ನಿನಲ್ಲಿ ಸರಿಮಾಡಿಸಿ ಭಾರತದ ವಾಯುಪಡೆಗೆ ಉಡುಗೊರೆ ಕೊಟ್ಟರು. ಡಕೋಟಾ ಹಾರಿಸಿದ್ದ ತಮ್ಮ ತಂದೆಯ ಗೌರವಕ್ಕಾಗಿ ಮಾಡಿದ ಕೆಲಸ ಅದು. ‘ಪರಶುರಾಮ’ ಎಂಬ ಹೆಸರು ಹೊತ್ತು ಆ ವಿಮಾನ ಬ್ರಿಟನ್ನಿನಿಂದ ಭಾರತದವರೆಗೆ ಹಾರಿಕೊಂಡೇ ಬಂತು. ನಮ್ಮ ನಿಮ್ಮಂಥವರಿಗೆ ವಿಮಾನ ಕೊಳ್ಳುವ ಶಕ್ತಿಯಿಲ್ಲ. ಆದರೆ ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಗಂಟೆ ಬಿಡುವು ಎಲ್ಲ ಮನೆಯಲ್ಲೂ ಇದೆ. ಬೇಕಿರುವುದು ಕೇಳುವ ಕಿವಿ ಮತ್ತು ಅರ್ಥಮಾಡಿಕೊಳ್ಳುವಷ್ಟು ಕನ್ನಡ. ಕನ್ನಡವನ್ನು ಕಲಿಸುವ ಹೊಣೆ ನಮ್ಮ ಶಾಲೆಯದು. ಕಿವಿಗೊಡುವ ಹೊಣೆಯನ್ನು ಮನೆಗಳು ಹೊರಲಿ.