ಹೊಳೆ ಅಳೆಯುವ ಮೊದಲೇ ಕಾಲುವೆ

ಸಕಲೇಶಪುರದ ಘಟ್ಟದಂಚಿನ ಎತ್ತಿನಹೊಳೆ ಮತ್ತು ಅದರ ಅಕ್ಕಪಕ್ಕದ ಹಳ್ಳಗಳಿಂದ ವರ್ಷಕ್ಕೆ 24.01 ಟಿಎಂಸಿ ಅಡಿ ನೀರನ್ನು ಮೇಲೆತ್ತಿ ಬಯಲುಸೀಮೆಗೆ ಹರಿಸುವ ಯೋಜನೆಗೆ 2012ರಲ್ಲಿ ಹಾಕಿದ ಅಂದಾಜು 8,323 ಕೋಟಿ ರೂಪಾಯಿ. ಎರಡೇ ವರ್ಷದಲ್ಲಿ ಅದು 12,912 ಕೋಟಿಗೆ ಏರಿತು. 2023ರ ಪರಿಷ್ಕರಣೆಯಲ್ಲಿ 23,251 ಕೋಟಿ ದಾಟಿತು. ದುಡ್ಡಿನ ಲೆಕ್ಕ ಹೀಗೆ ಏರುತ್ತಲೇ ಇದ್ದರೂ ನೀರಿನ ಲೆಕ್ಕ ಮಾತ್ರ ದಶಾಂಶವೂ ಅಲುಗದೆ ಅಲ್ಲೇ ನಿಂತಿದೆ.

ಆ ಅಂಕಿಯನ್ನು ಯಾರು ಬೇಕಾದರೂ ಒರೆಗೆ ಹಚ್ಚಬಹುದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 24 ಟಿಎಂಸಿ ಎಂದರೆ ಹತ್ತಿರಹತ್ತಿರ 68 ಕೋಟಿ ಘನ ಮೀಟರ್. ಈ ಹಳ್ಳಗಳಿಗೆ ನೀರು ಕೊಡುವ ನೆಲ ಸುಮಾರು 180 ಚದರ ಕಿಲೋಮೀಟರ್. ಅಷ್ಟು ನೆಲದ ಮೇಲೆ ಈ ನೀರನ್ನು ಹರಡಿದರೆ 3.8 ಮೀಟರ್ ಎತ್ತರ ನಿಲ್ಲಬೇಕು. ಇದು ಬೀಳಬೇಕಾದ ಮಳೆಯ ಲೆಕ್ಕವಲ್ಲ; ಕಾಡು, ಕಾಫಿ ತೋಟ, ಮಣ್ಣು ಕುಡಿದು, ಆವಿಯಾಗಿ ಹೋದ ಮೇಲೂ ಹಳ್ಳದಲ್ಲಿ ಉಳಿಯಬೇಕಾದ ಹರಿವಿನ ಲೆಕ್ಕ. ಘಟ್ಟದಲ್ಲಿ ಮಳೆ ಧಾರಾಳ, ನಿಜ. ಆದರೆ ಪ್ರತಿ ವರ್ಷ, ಪ್ರತಿ ಇಳಿಜಾರಿನಲ್ಲೂ ಅಷ್ಟು ಸುರಿಯಬೇಕು, ಸುರಿದದ್ದನ್ನೆಲ್ಲ ಬಾಚಿಕೊಳ್ಳಬೇಕು, ಕೆಳಗಿನ ನೇತ್ರಾವತಿಗೆ ಏನೂ ಬಿಡಬಾರದು. ಆಗಷ್ಟೇ ಲೆಕ್ಕ ತಾಳೆಯಾದೀತು.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತವರ ತಂಡ ಇಲ್ಲಿ ಸಿಗುವ ನೀರು 9.55 ಟಿಎಂಸಿ ಎಂದಿತು. ಅದೂ ಅಂದಾಜೇ, ಕೊಂಚ ಕೈಬಿಗಿಯಾದ ಅಂದಾಜೂ ಇರಬಹುದು. ಆದರೆ ಒಂದೇ ಹೊಳೆಯ ಬಗ್ಗೆ ಎರಡು ಲೆಕ್ಕಗಳ ನಡುವೆ ಎರಡೂವರೆ ಪಟ್ಟು ಅಂತರ ಕಂಡಾಗ ಟೆಂಡರ್ ಕರೆಯುವುದಲ್ಲ, ಹೊಳೆಗಿಳಿದು ಅಳೆಯುವುದು ಕ್ರಮ.

ಅಳೆಯುವುದು ದೊಡ್ಡ ವಿದ್ಯೆಯೇನಲ್ಲ. ಹೊಳೆಯ ಪಾತ್ರದಲ್ಲಿ ಅಳತೆ ಪಟ್ಟಿ ನೆಟ್ಟು ನೀರಿನ ಮಟ್ಟ ಬರೆದುಕೊಳ್ಳಬೇಕು. ಬೇರೆ ಬೇರೆ ಮಟ್ಟದಲ್ಲಿ ಹರಿವಿನ ವೇಗ ನೋಡಿ, ಇಷ್ಟು ಎತ್ತರಕ್ಕೆ ಇಷ್ಟು ನೀರು ಎಂಬ ಪಟ್ಟಿ ಮಾಡಿಕೊಳ್ಳಬೇಕು. ಘಟ್ಟದ ಹಳ್ಳಗಳದ್ದು ಒಂದು ತಕರಾರಿದೆ: ಮಧ್ಯಾಹ್ನ ಉಕ್ಕಿದ ಹಳ್ಳ ಕತ್ತಲಾಗುವುದರೊಳಗೆ ಇಳಿದಿರುತ್ತದೆ. ಬೆಳಗ್ಗೆ ಎಂಟಕ್ಕೊಮ್ಮೆ ನೋಡಿ ಬರೆದರೆ ಆ ನೀರು ಪುಸ್ತಕಕ್ಕೆ ಬರುವುದೇ ಇಲ್ಲ, ಅಥವಾ ಉಕ್ಕಿದ್ದ ಹೊತ್ತಿಗೇ ನೋಡಿದರೆ ಇಡೀ ದಿನ ಪ್ರವಾಹವೇ ಇತ್ತೆಂದು ದಾಖಲಾಗುತ್ತದೆ. ಹಾಗಾಗಿ ತಾನೇ ದಾಖಲಿಸುವ ಯಂತ್ರ ಬೇಕು, ಬರದ ವರ್ಷಗಳನ್ನೂ ಒಳಗೊಂಡ ಹತ್ತಾರು ವರ್ಷದ ದಾಖಲೆ ಬೇಕು. 23 ಸಾವಿರ ಕೋಟಿಯ ಮುಂದೆ ಅದರ ಖರ್ಚು ಪುಡಿಗಾಸು. ಅದಕ್ಕೆ ತಾಳ್ಮೆ ಬೇಕಿತ್ತು. 2014ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಶಂಕುಸ್ಥಾಪನೆ ನಡೆದೇಹೋಯಿತು.

ಒಳಗೊಳಗೇ ಇನ್ನೊಂದು ಸಲೀಸು ದಾರಿ ಇತ್ತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ನೀರಾವರಿ ಯೋಜನೆಗಳಿವೆ, ಕುಡಿಯುವ ನೀರಿನ ಯೋಜನೆಗಳಿಲ್ಲ. ಕೆರೆ ತುಂಬಿಸುವುದಕ್ಕೂ ದೊಡ್ಡ ಪಾಲು ಇಟ್ಟ ಯೋಜನೆ ‘ಕುಡಿಯುವ ನೀರು’ ಎಂಬ ಹೆಸರಿನಲ್ಲಿ ಆ ಬಾಗಿಲನ್ನು ದಾಟಿತು. ಕಾನೂನಿನ ದೃಷ್ಟಿಯಲ್ಲಿ ಸರಿಯೇ ಇರಲಿ. ಹೊರಗಿನವರು ಲೆಕ್ಕ ಕೇಳಬಹುದಾಗಿದ್ದ ಒಂದು ಕಟ್ಟೆ ತಪ್ಪಿಹೋಯಿತು. ನೆಲದ ಮಾತೂ ಅಷ್ಟೇ. ನೀರು ಹಿಡಿದಿಡಬೇಕಿದ್ದ ಬೈರಗೊಂಡ್ಲು ಜಲಾಶಯ ಕೊರಟಗೆರೆ, ದೊಡ್ಡಬಳ್ಳಾಪುರ ತಾಲ್ಲೂಕುಗಳ ಭೂಪರಿಹಾರದ ದರ ವ್ಯತ್ಯಾಸದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು.

2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ಕಾಗ ಮುಂದಿನ ಕಾಲುವೆ ಮುಗಿದಿರಲಿಲ್ಲ. ಕೋಲಾರಕ್ಕೆಂದು ಎತ್ತಿದ ನೀರನ್ನು ವೇದಾವತಿ ಕಣಿವೆಗೆ ಬಿಟ್ಟು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹರಿಸಲಾಯಿತು. ನೀರು ಬಂದು ಸೇರಿದ ಜಾಗವೂ ಎಂಥದ್ದು! 1907ರಲ್ಲಿ ಮುಗಿದ, 30 ಟಿಎಂಸಿ ಹಿಡಿಯುವ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಅಣೆಕಟ್ಟೆಯ ಗಾತ್ರಕ್ಕೂ ಹೊಳೆಯ ಹರಿವಿಗೂ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬ ಪಾಠ ರಾಜ್ಯದೊಳಗೇ ಇತ್ತು.

ಬಯಲುಸೀಮೆಯ ಬಾಯಾರಿಕೆ ಸುಳ್ಳೇನಲ್ಲ. ಕೋಲಾರದಲ್ಲಿ ಸಾವಿರ ಅಡಿ ದಾಟಿದರೂ ಕೊಳವೆಬಾವಿಯಲ್ಲಿ ನೀರಿನ ಸುಳಿವಿಲ್ಲದ ಊರುಗಳಿವೆ. ಆ ಜಿಲ್ಲೆಗೆ 2018ರಿಂದ ನೀರು ಹರಿಸುತ್ತಿರುವ ಕೆ.ಸಿ. ವ್ಯಾಲಿ ಯೋಜನೆ ಹೋಲಿಕೆಗೆ ಸಿಗುತ್ತದೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್, ಅಂದರೆ ವರ್ಷಕ್ಕೆ ಐದೂವರೆ ಟಿಎಂಸಿಯಷ್ಟು, ಕೆರೆಗಳಿಗೆ ಬಿಡುವ ಗುರಿ ಅದರದ್ದು. ಎರಡನೇ ಹಂತದ ಸಂಸ್ಕರಣೆ ಸಾಲದು ಎಂಬ ಆಕ್ಷೇಪ ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು, ಅದು ತಳ್ಳಿಹಾಕುವಂಥದ್ದಲ್ಲ. ಆದರೆ ಆ ಮೂಲದಲ್ಲಿ ನೀರಿದೆಯೇ ಎಂದು ಯಾರೂ ಕೇಳಬೇಕಾಗಿ ಬರಲಿಲ್ಲ.

ಈಗ ಬೇಡ್ತಿ–ವರದಾ ನದಿ ಜೋಡಣೆಯ ಕಡತ ಮತ್ತೆ ಮೇಲೆ ಬಂದಿದೆ. ಶಿರಸಿ, ಯಲ್ಲಾಪುರದಲ್ಲಿ ವಿರೋಧವಿದೆ, ಹಾವೇರಿ ಕಡೆ ನಿರೀಕ್ಷೆಯಿದೆ. ಸವಿವರ ಯೋಜನಾ ವರದಿ (ಡಿಪಿಆರ್) ಬರೆಯುವವರಿಗೂ ಕಾಮಗಾರಿ ನಡೆಸುವವರಿಗೂ ಸಂಬಂಧವಿಲ್ಲದ ತಂಡವೊಂದು ಬೇಡ್ತಿಯ ಹರಿವನ್ನು ಅಳೆದು, ದಿನದಿನದ ಅಂಕಿಗಳನ್ನು ಎರಡೂ ಕಡೆಯವರ ಮುಂದಿಡಬೇಕು. ಯೋಜನೆ ಬೇಡ ಎಂದು ಬರೆಯುವ ಅಧಿಕಾರವೂ ಆ ತಂಡಕ್ಕೆ ಇರಬೇಕು. ಟೆಂಡರ್‌ನ ಮಾತು ಆಮೇಲಿನದು.