ಖುರ್ಚಿ ಅವರದು, ಆಟ ನಮ್ಮದು

ಬೈಲಹೊಂಗಲದ ಕಡೆ ಯಾವ ಮದುವೆಗೆ ಹೋದರೂ ಊಟಕ್ಕೆ ಕೂತ ಹುಡುಗ-ಹುಡುಗಿಯರಿಗೆ ಎರಡು ಪ್ರಶ್ನೆ ತಪ್ಪೋದಿಲ್ಲ. ಮೊದಲನೆಯದು, "ಎಲ್ಲಿ ಅದಿ ಈಗ?" ಎರಡನೆಯದು, "ಪರ್ಮನೆಂಟ್ ಏನು?" ಪುಣೆ, ಬೆಂಗಳೂರು, ದುಬೈ ಅಂತ ಮೊದಲನೆಯದಕ್ಕೆ ಸರಾಗವಾಗಿ ಉತ್ತರ ಕೊಡ್ತೀವಿ. ಎರಡನೆಯದಕ್ಕೆ ಹೋಳಿಗೆ ಗಂಟಲಲ್ಲೇ ನಿಲ್ಲುತ್ತದೆ. ಕಿತ್ತೂರು, ಸವದತ್ತಿ, ರಾಮದುರ್ಗದಿಂದ ದುಡಿಯಲು ಹೊರಗೆ ಹೋದವರಲ್ಲಿ ಬಹಳ ಮಂದಿ ಇರುವುದೇ ಕಾಂಟ್ರಾಕ್ಟ್ ಮೇಲೆ. ಹನ್ನೊಂದು ತಿಂಗಳ ಆರ್ಡರ್, ಒಂದು ಪ್ರಾಜೆಕ್ಟ್, ಎರಡು ವರ್ಷದ ವೀಸಾ. "ಅಷ್ಟು ದೂರ ಹೋಗಿ ಟೆಂಪರರಿನಾ?" ಅಂದರೆ ಏನು ಹೇಳೋದು?

ಈ ವಾರ ಒಂದು ವೃತ್ತಿಯ ಬಗ್ಗೆ ಬರೀತೀನಿ. ಅದರಲ್ಲಿ ಪರ್ಮನೆಂಟ್ ಅನ್ನುವ ಶಬ್ದವೇ ಇಲ್ಲ. ಆದರೂ ಸಾವಿರಾರು ಮಂದಿ ಅದರಲ್ಲೇ ಮನೆ ನಡೆಸ್ತಾರೆ, ಮಕ್ಕಳನ್ನು ಓದಿಸ್ತಾರೆ. ಅದು ಹೊರದೇಶದ ಲೀಗ್‌ಗಳಲ್ಲಿ ಆಡುವ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರ ವೃತ್ತಿ.

ಲೆಕ್ಕ ಸರಳ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ 30 ತಂಡ. ಪೂರ್ಣ ಕರಾರಿನ ಜಾಗ ತಂಡಕ್ಕೆ 15. ಅಂದರೆ ಒಟ್ಟು 450. ಪ್ರತಿ ವರ್ಷದ ಡ್ರಾಫ್ಟ್‌ನಲ್ಲಿ ಕರೆಯುವುದು ಸುಮಾರು 60 ಹೆಸರು, ಅದರಲ್ಲೂ ಬೇರೆ ದೇಶದವರಿರ್ತಾರೆ. ಆದರೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಮೇಲ್ದರ್ಜೆಯೊಂದರಲ್ಲೇ 350ಕ್ಕೂ ಹೆಚ್ಚು ತಂಡಗಳಿವೆ. ಉಳಿದವರು ಎಲ್ಲಿಗೆ ಹೋಗಬೇಕು? ಇಟಲಿ, ಗ್ರೀಸ್, ಟರ್ಕಿ, ಇಸ್ರೇಲ್, ಜಪಾನ್, ಫಿಲಿಪ್ಪೀನ್ಸ್‌ಗೆ ಹೋಗ್ತಾರೆ. ಅಲ್ಲಿ ಇವರನ್ನು ಕರೆಯುವುದು 'ಇಂಪೋರ್ಟ್' ಅಂತ. ಬಂದರಿನಲ್ಲಿ ಇಳಿಸಿದ ಸರಕಿನ ಹಾಗೆ.

ಇಂಪೋರ್ಟ್ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜಾತ್ರೆಯ ಕುಸ್ತಿ ಕಣ ನೆನಪು ಮಾಡಿಕೊಳ್ರಿ. ಕೊಲ್ಹಾಪುರ, ಸಾಂಗ್ಲಿಯಿಂದ ಪೈಲ್ವಾನರನ್ನು ಕರೆಸಿ ದೊಡ್ಡ ಜೋಡಿ ಕಟ್ಟುತ್ತಾರೆ. ಊರ ಹುಡುಗ ಬಿದ್ದರೆ, "ಇರ್ಲಿ ಬಿಡು, ನಮ್ಮ ಹುಡುಗ." ಹೊರಗಿನವನು ಬಿದ್ದರೆ, "ಇದಕ್ಕ ರೊಕ್ಕ ಕೊಟ್ಟು ಕರ್ಸಿದ್ವಿ?" ನಾಟಕ ಕಂಪನಿಗಳದ್ದೂ ಇಂಥದೇ ಬಾಳು. ಸವದತ್ತಿ ತಾಲ್ಲೂಕಿನ ಏಣಗಿಯ ಬಾಳಪ್ಪನವರಂಥವರು ಕಂಪನಿ ಕಟ್ಟಿ ಊರೂರಿಗೆ ಕ್ಯಾಂಪ್ ಹಾಕಿದರು. ಕ್ಯಾಂಪ್ ಮುಗಿದರೆ ಗಂಟು ಕಟ್ಟಬೇಕು, ಮುಂದಿನ ಊರಿನಲ್ಲಿ ಮತ್ತೆ ಮೊದಲಿನಿಂದ ಜನರನ್ನು ಒಲಿಸಿಕೊಳ್ಳಬೇಕು.

ಅಮೆರಿಕದ ಇಂಪೋರ್ಟ್ ಆಟಗಾರನ ಬದುಕೂ ಇದೇ ರೀತಿ. ಸಾಮಾನ್ಯವಾಗಿ ಒಂದು ಸೀಸನ್‌ನ ಕರಾರು. ಇರಲು ಫ್ಲ್ಯಾಟ್, ಹೋಗಿ ಬರಲು ವಿಮಾನದ ಟಿಕೆಟ್. ತಂಡದಲ್ಲಿ ವಿದೇಶಿಯರಿಗೆ ಇಂತಿಷ್ಟೇ ಜಾಗ ಅಂತ ನಿಯಮ. ಫಿಲಿಪ್ಪೀನ್ಸ್‌ನ ಪಿಬಿಎ ಲೀಗ್‌ನಲ್ಲಿ ಒಂದು ಟೂರ್ನಿಗೆ ಇಂಪೋರ್ಟ್‌ಗಳಿಗೆ ಪ್ರವೇಶವೇ ಇಲ್ಲ. ಉಳಿದ ಟೂರ್ನಿಗಳಲ್ಲೂ ನಾಲ್ಕು ಪಂದ್ಯ ಕೆಟ್ಟು ಹೋದರೆ ನಡುವೆಯೇ ಮನೆಗೆ ಕಳಿಸಿ ಇನ್ನೊಬ್ಬನನ್ನು ಕರೆಸಿಕೊಳ್ಳುವುದುಂಟು.

ಈ ದಾರಿಯಲ್ಲಿ ನಡೆದವರಲ್ಲಿ ಪಿ.ಜೆ. ಟಕರ್ ಕಥೆ ನೋಡ್ರಿ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ ಹುಡುಗ. 2006ರ ಡ್ರಾಫ್ಟ್‌ನಲ್ಲಿ 35ನೆಯವನಾಗಿ ಟೊರಾಂಟೊ ತಂಡ ಸೇರಿದ. ಆಡಲು ಸಿಕ್ಕಿದ್ದು ಬರೀ 17 ಪಂದ್ಯ. ಮೊದಲ ಸೀಸನ್ ಮುಗಿಯುವ ಮುನ್ನವೇ ತಂಡ ಅವನನ್ನು ಕೈಬಿಟ್ಟಿತು.

ಮುಂದಿನ ಐದು ವರ್ಷ ಅವನ ವಿಳಾಸ ಹುಡುಕಲು ಭೂಪಟ ಬೇಕು. ಇಸ್ರೇಲ್, ಉಕ್ರೇನ್, ಗ್ರೀಸ್, ಇಟಲಿ, ಜರ್ಮನಿ. ಇಸ್ರೇಲ್‌ನಲ್ಲಿ ಆಡಿದ್ದು ಹಪೋಯಲ್ ಹೊಲೊನ್ ಎಂಬ ಸಾಧಾರಣ ತಂಡಕ್ಕೆ. 2008ರಲ್ಲಿ ಆ ತಂಡ, ವರ್ಷಾನುವರ್ಷ ಕಪ್ ಎತ್ತುತ್ತ ಬಂದಿದ್ದ ಮಕ್ಕಾಬಿ ಟೆಲ್ ಅವೀವ್ ತಂಡವನ್ನು ಫೈನಲ್‌ನಲ್ಲಿ ಸೋಲಿಸಿತು. 2012ರಲ್ಲಿ ಜರ್ಮನಿಯ ಬಾಂಬರ್ಗ್ ತಂಡದ ಜೊತೆ ಅಲ್ಲಿನ ಲೀಗ್ ಗೆದ್ದ. ಅದೇ ವರ್ಷ ಫೀನಿಕ್ಸ್ ತಂಡ ಅವನನ್ನು ಎನ್‌ಬಿಎಗೆ ವಾಪಸ್ ಕರೆಯಿತು. ಅಷ್ಟೊತ್ತಿಗೆ ಅವನಿಗೆ 27. ಈ ಸಲ ಅವನು ಹೆಚ್ಚು ಪಾಯಿಂಟ್ ಹೊಡೆಯುವ ಆಟಗಾರನಾಗಿ ಬರಲಿಲ್ಲ. ಎದುರಾಳಿ ತಂಡದ ದೊಡ್ಡ ಸ್ಟಾರ್‌ನನ್ನು ತಡೆಯುವ ಬೆವರಿನ ಕೆಲಸ ಮಾಡುವವನಾಗಿ ಬಂದ. 2021ರಲ್ಲಿ ಮಿಲ್ವಾಕಿ ತಂಡ ಚಾಂಪಿಯನ್ ಆದಾಗ ಟಕರ್ ಆ ತಂಡದಲ್ಲಿದ್ದ.

"ಕೊನೆಗೆ ವಾಪಸ್ ಬಂದ, ಅದಕ್ಕೇ ಗೆದ್ದ ಅಂತೀರಿ" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹೋದ ಬಹಳ ಮಂದಿ ಎನ್‌ಬಿಎಗೆ ವಾಪಸ್ ಬರೋದಿಲ್ಲ. ಹಾಗಾದರೆ ಅವರ ದುಡಿಮೆಗೆ ಬೆಲೆ ಇಲ್ಲವೇ? ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗೋದು ಬ್ಯಾಡ. ನಮ್ಮ ಕರ್ನಾಟಕದವರೇ ಇಬ್ಬರಿದ್ದಾರೆ.

1995ರ ಬೇಸಿಗೆ. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್‌ನಲ್ಲಿ ಆಗ ತಂಡಕ್ಕೆ ಒಬ್ಬನೇ ವಿದೇಶಿ ಆಟಗಾರ. ನಾರ್ಥಾಂಪ್ಟನ್‌ಷೈರ್‌ನಲ್ಲಿ ಆ ಜಾಗ ಕರ್ಟ್ಲಿ ಆಂಬ್ರೋಸ್ ಅವರದು. ಗ್ಲೌಸ್ಟರ್‌ಷೈರ್‌ನಲ್ಲಿ ಕೋರ್ಟ್ನಿ ವಾಲ್ಷ್ ಅವರದು. ಆದರೆ ಆ ವರ್ಷ ವೆಸ್ಟ್ ಇಂಡೀಸ್ ತಂಡವೇ ಇಂಗ್ಲೆಂಡ್ ಪ್ರವಾಸಕ್ಕೆ ಬಂದಿತ್ತು. ಇಬ್ಬರೂ ತಮ್ಮ ದೇಶಕ್ಕೆ ಆಡಬೇಕು. ಕೌಂಟಿಯ ಎರಡು ಖುರ್ಚಿ ಒಂದು ವರ್ಷದ ಮಟ್ಟಿಗೆ ಖಾಲಿ ಬಿದ್ದವು. ಒಂದರಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಕೂತರು, ಇನ್ನೊಂದರಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇಬ್ಬರೂ ರಜೆ ಮೇಲೆ ಹೋದವರ ಜಾಗಕ್ಕೆ ಬಂದ ಬದಲಿ ನೌಕರರು. ಮುಂದಿನ ವರ್ಷ ಖುರ್ಚಿ ಬಿಟ್ಟು ಎದ್ದೇಳಬೇಕು ಅನ್ನೋದು ಹೆಚ್ಚು ಕಡಿಮೆ ಗೊತ್ತಿದ್ದ ಮಾತೇ. ಹಾಗಂತ ಕೆಲಸ ಅರ್ಧ ಮನಸ್ಸಿನಿಂದ ಆಗಲಿಲ್ಲ. ಕುಂಬ್ಳೆ ಆ ಸೀಸನ್‌ನಲ್ಲಿ 105 ವಿಕೆಟ್ ತೆಗೆದರು, ಇಡೀ ಇಂಗ್ಲೆಂಡಿನಲ್ಲಿ ಅತಿ ಹೆಚ್ಚು. ಶ್ರೀನಾಥ್ 87 ವಿಕೆಟ್ ತೆಗೆದರು, ವಿಕೆಟ್‌ಗೆ ಕೊಟ್ಟಿದ್ದು ಸರಾಸರಿ 19 ರನ್.

1996ರಲ್ಲಿ ಆಂಬ್ರೋಸ್, ವಾಲ್ಷ್ ವಾಪಸ್ ಬಂದರು. ಖುರ್ಚಿ ಅದರ ಒಡೆಯರಿಗೆ ಸೇರಿತು. ಆದರೆ 105 ಮಾತ್ರ ಯಾರಿಗೂ ವಾಪಸ್ ಕೊಡಬೇಕಾಗಿ ಬರಲಿಲ್ಲ. 1996ರ ವಿಸ್ಡನ್ ಆರಿಸಿದ ವರ್ಷದ ಐವರು ಕ್ರಿಕೆಟಿಗರಲ್ಲಿ ಕುಂಬ್ಳೆ ಒಬ್ಬರು. ಮುಂದೆ ಲೆಸ್ಟರ್‌ಷೈರ್, ಸರ್ರೆ ಕೌಂಟಿಗಳಿಗೂ ಅವರು ಆಡಿದರು.

ಇವರು ದೊಡ್ಡವರು, ಭಾರತ ತಂಡದ ಜಾಗ ಬೆನ್ನಿಗಿತ್ತು ಅನ್ನಬಹುದು. ಹಾಗಾದರೆ ಬೆನ್ನಿಗೆ ಏನೂ ಇಲ್ಲದವರೊಬ್ಬರನ್ನು ನೋಡೋಣ.

ನಾಸ್ತುಶ್ ಕೆಂಜಿಗೆ. 1991ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದರೂ ಬೆಳೆದದ್ದು ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ. ಬೆಂಗಳೂರಿನಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗ್ ಓದುತ್ತ ಅಲ್ಲಿನ ಲೀಗ್ ಕ್ರಿಕೆಟ್ ಆಡಿದರು. ಎಡಗೈ ಸ್ಪಿನ್ನರ್. ಕರ್ನಾಟಕ ತಂಡದ ಬಾಗಿಲು ತೆರೆಯಲಿಲ್ಲ. ನಮ್ಮ ರಾಜ್ಯದಲ್ಲಿ ಆ ಸಾಲು ಎಷ್ಟು ಉದ್ದ ಅಂತ ಆಡಿದವರಿಗೇ ಗೊತ್ತು. 2015ರಲ್ಲಿ ಅಮೆರಿಕಕ್ಕೆ ಹೋಗಿ ತಮ್ಮ ಓದಿಗೆ ತಕ್ಕ ನೌಕರಿ ಹಿಡಿದರು. ಕ್ರಿಕೆಟ್ ವಾರಾಂತ್ಯಕ್ಕೆ ಉಳಿಯಿತು. 2017ರ ಹೊತ್ತಿಗೆ ಅಮೆರಿಕ ತಂಡದಲ್ಲಿದ್ದರು.

2024ರ ಜೂನ್ 6, ಡಲ್ಲಾಸ್, ಟಿ20 ವಿಶ್ವಕಪ್. ಪಾಕಿಸ್ತಾನದ ವಿರುದ್ಧ ಕೆಂಜಿಗೆ 30 ರನ್‌ಗೆ 3 ವಿಕೆಟ್ ತೆಗೆದರು. ಸೂಪರ್ ಓವರ್‌ನಲ್ಲಿ ಅಮೆರಿಕ ಗೆದ್ದಿತು. ನಮ್ಮೂರ ಪಡಸಾಲೆಗಳಲ್ಲಿ ಮರುದಿನ ಮೊಬೈಲ್ ಹಿಡಿದು, "ಇಂವ ನಮ್ಮ ಚಿಕ್ಕಮಗಳೂರಾಂವ ಅಂತೋ" ಅಂತ ತೋರಿಸಿಕೊಂಡವರು ಕಡಿಮೆಯೇನಲ್ಲ. ಇಲ್ಲಿ ಸಾಲಿನಲ್ಲಿ ನಿಂತಿದ್ದಾಗ ಮಾಡುತ್ತಿದ್ದ ಅದೇ ಬೌಲಿಂಗ್, ಇನ್ನೊಂದು ಕಣದಲ್ಲಿ ಬೇಕಾದ ಸರಕಾಯ್ತು.

ಇಷ್ಟು ಹೇಳಿ "ಹೋಗ್ರಿ, ಹೊರಗೆ ಹೋದರೆ ಎಲ್ಲಾ ಚಲೋ ಆಗ್ತದ" ಅಂತ ಮುಗಿಸಿದರೆ ಅದು ಅರ್ಧ ಸತ್ಯ. ಇನ್ನರ್ಧ ಸ್ವಲ್ಪ ಕಹಿ.

ಅಮೆರಿಕದ ಮಹಿಳಾ ಆಟಗಾರ್ತಿಯರು ಹೊರಗೆ ಹೋದದ್ದು ಜಾಗ ಸಿಗದೆ ಅಲ್ಲ, ಸಂಬಳ ಸಾಲದೆ. 2015ರಲ್ಲಿ ಡಯಾನಾ ಟರಾಸಿ ಎಂಬ ಅಗ್ರ ಆಟಗಾರ್ತಿ ಸ್ವದೇಶದ ಲೀಗನ್ನೇ ಒಂದು ಸೀಸನ್ ಬಿಟ್ಟರು. ಅಲ್ಲಿ ಸಿಗುತ್ತಿದ್ದದ್ದು ಲಕ್ಷ ಡಾಲರ್ ಆಸುಪಾಸು. ರಷ್ಯಾದ ಯೆಕಟೆರಿನ್‌ಬರ್ಗ್ ಕ್ಲಬ್ ಕೊಡುತ್ತಿದ್ದದ್ದು, ಅಂದಿನ ವರದಿಗಳ ಪ್ರಕಾರ, ಸುಮಾರು 15 ಲಕ್ಷ ಡಾಲರ್. ಅದೇ ಕ್ಲಬ್‌ಗೆ ಆಡಲು ಹೋಗುತ್ತಿದ್ದ ಬ್ರಿಟ್ನಿ ಗ್ರೈನರ್ ಅವರನ್ನು 2022ರ ಫೆಬ್ರವರಿಯಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಹಿಡಿದರು. ಬ್ಯಾಗಿನಲ್ಲಿ ಗಾಂಜಾ ಎಣ್ಣೆಯ ಕಾರ್ಟ್ರಿಜ್ ಸಿಕ್ಕಿತ್ತು. ಒಂಬತ್ತು ವರ್ಷ ಶಿಕ್ಷೆಯಾಯಿತು. ಡಿಸೆಂಬರ್‌ನಲ್ಲಿ ಎರಡು ದೇಶಗಳು ಕೈದಿಗಳನ್ನು ಅದಲು ಬದಲು ಮಾಡಿಕೊಂಡ ಮೇಲೇ ಬಿಡುಗಡೆ. ಪರದೇಶದ ಕಾನೂನು ನಿಮ್ಮ ಹೆಸರು ನೋಡಿ ಸಡಿಲ ಆಗೋದಿಲ್ಲ.

ಸಂಬಳ ತಡವಾಗುವುದು, ನಿಲ್ಲುವುದು ಬ್ಯಾಸ್ಕೆಟ್‌ಬಾಲ್‌ನಲ್ಲೂ ಇದೆ. ಎಷ್ಟರಮಟ್ಟಿಗೆ ಅಂದರೆ, ಅದಕ್ಕಾಗಿಯೇ ವಿಶ್ವ ಸಂಸ್ಥೆ ಫಿಬಾ 2007ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಒಂದು ಪಂಚಾಯ್ತಿ ಕಟ್ಟೆ ಮಾಡಿತು. ಈಗ ಅದರ ಹೆಸರು ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್. ತೀರ್ಪು ಪಾಲಿಸದ ಕ್ಲಬ್‌ಗೆ ಹೊಸ ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳದಂತೆ ತಡೆ ಹಾಕಬಹುದು. ಆದರೆ ಒಂದು ಷರತ್ತು: ತಕರಾರು ಅಲ್ಲೇ ಬಗೆಹರಿಯಬೇಕು ಅನ್ನುವ ಸಾಲು ಮೊದಲೇ ಕರಾರಿನಲ್ಲಿ ಇರಬೇಕು. ಆ ಒಂದು ಸಾಲಿದ್ದವನಿಗೆ ಹೋಗಿ ಕೇಳಲು ಒಂದು ಬಾಗಿಲಿದೆ. ಇಲ್ಲದವನು ಗೊತ್ತಿಲ್ಲದ ದೇಶದಲ್ಲಿ ವಕೀಲರನ್ನು ಹುಡುಕಬೇಕು.

ನಮಗೂ ಇದು ಹೊಂದುವ ಮಾತು. ಕಾಂಟ್ರಾಕ್ಟ್ ಕೆಲಸ ಅವಮಾನ ಅಲ್ಲ, ಓದದೆ ಸಹಿ ಹಾಕಿದ ಕಾಂಟ್ರಾಕ್ಟ್ ಅಪಾಯ. ಪಗಾರ ಕೊಡುವವರು ಯಾರು, ಕಂಪನಿಯೋ ನಡುವಿನ ಏಜೆನ್ಸಿಯೋ? ಅವಧಿಗೆ ಮುನ್ನ ತೆಗೆದರೆ ಏನು ಕೊಡ್ತಾರೆ? ನೀವೇ ಬಿಟ್ಟರೆ ಏನು ಕಟ್ಟಬೇಕು? ಜಗಳ ಬಂದರೆ ಯಾವ ಊರಿನ ಕೋರ್ಟು? ಈ ನಾಲ್ಕಕ್ಕೆ ಕಾಗದದಲ್ಲಿ ಉತ್ತರ ಸಿಗಬೇಕು, ಫೋನಿನಲ್ಲಿ "ನೋಡೋಣ ಸರ್" ಅಂದದ್ದು ಲೆಕ್ಕಕ್ಕಿಲ್ಲ. ಕಾಂಟ್ರಾಕ್ಟ್ ಅಂದಾಕ್ಷಣ ಪಿಎಫ್ ಇಲ್ಲ ಅಂತಲೂ ಅಲ್ಲ. ಪಿಎಫ್ ಕಡಿಯುತ್ತಿದ್ದರೆ ನಿಮ್ಮ ಯುಎಎನ್ ನಂಬರ್ ಬರೆದಿಟ್ಟುಕೊಳ್ರಿ. ಕಂಪನಿ ಹತ್ತು ಬದಲಾದರೂ ಆ ನಂಬರ್ ಒಂದೇ.

ಗಲ್ಫ್‌ಗೆ ಹೊರಟವರು ಏಜೆಂಟರ ಹೆಸರು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ಇದೆಯೇ ಅಂತ ನೋಡಿಕೊಂಡೇ ರೊಕ್ಕದ ಮಾತು ಆಡ್ರಿ. ಪಾಸ್‌ಪೋರ್ಟ್, ಕರಾರಿನ ಪ್ರತಿ ಎರಡನ್ನೂ ಫೋಟೊ ತೆಗೆದು ಮನೆಯಲ್ಲಿ ಒಬ್ಬರಿಗೆ ಕಳಿಸಿರಿ.

ಇನ್ನೊಂದು ಕೆಲಸ ಯಾವ ಕಂಪನಿಯೂ ನಿಮಗಾಗಿ ಮಾಡಿಕೊಡೋದಿಲ್ಲ. ಅದು ನಿಮ್ಮ 105ರ ಲೆಕ್ಕ ಬರೆಯುವುದು. ಈ ಕಾಂಟ್ರಾಕ್ಟ್‌ನಲ್ಲಿ ಏನು ಕಟ್ಟಿದಿರಿ, ಏನು ಸುಧಾರಿಸಿದಿರಿ, ಎಷ್ಟು ಮಂದಿಗೆ ಕಲಿಸಿದಿರಿ. ಕೆಲಸ ಬಿಡುವ ದಿನ ಅನುಭವದ ಪತ್ರ ಕೈಗೆ ಬರುವತನಕ ಬೆನ್ನು ಹತ್ತಿರಿ. ಮುಂದಿನ ಖುರ್ಚಿ ಕೊಡುವವರು ಹಿಂದಿನ ಖುರ್ಚಿ ಯಾರದಿತ್ತು ಅಂತ ಕೇಳೋದಿಲ್ಲ, ಅದರಲ್ಲಿ ಕೂತು ಏನು ಮಾಡಿದಿರಿ ಅಂತ ಕೇಳ್ತಾರೆ.

ಈ ಭಾನುವಾರ ಒಂದು ತಾಸು ಬಿಡುವು ಮಾಡಿಕೊಂಡು, ಈಗಿರುವ ಕೆಲಸದ ಕರಾರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ನೋಡ್ರಿ. ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ಸಿಕ್ಕಿತು ಅಂತ ಬರೆದು ಕಳಿಸ್ರಿ. ಬೇರೆಯವರಿಗೂ ಉಪಯೋಗ ಆದೀತು.